ಬೋಗುಣಿಯ ಕೆಳಗಿನ ಹೆಜ್ಜೆ

ನಮ್ಮ ಕಾಕೋಸಾ, ಅಂದರೆ ಚಿಕ್ಕಪ್ಪ, ಥಾವರಾರಾಮರ ಅಂಗಳದಲ್ಲಿ ಆರು ವರ್ಷದಿಂದ ಒಂದು ಮಣ್ಣಿನ ಬೋಗುಣಿ ಬೋರಲಾಗಿ ಕೂತಿತ್ತು. ಅದರ ಕೆಳಗೆ ಇದ್ದದ್ದು ರೋಹಿಡಿ ಎಂಬ ಹೆಣ್ಣೊಂಟೆ ಮನೆ ಬಿಟ್ಟು ಹೋಗುವಾಗ ಊರಿದ ಎಡ ಹಿಂಗಾಲಿನ ಹೆಜ್ಜೆ. ಕಳ್ಳನ ಹೆಜ್ಜೆಯನ್ನೋ ಕಳೆದುಹೋದ ಒಂಟೆಯ ಹೆಜ್ಜೆಯನ್ನೋ ಒಂಟೆ ಸಾಕುವ ರೈಕಾ ಕುಲದ ನಾವು ಗಾಳಿ ಅಳಿಸದಂತೆ ಹೀಗೆ ಮುಚ್ಚಿಡುತ್ತೇವೆ, ಹುಡುಕುವವರು ಬರುವ ತನಕ. ಒಂದು ಹಗಲು, ಹೆಚ್ಚೆಂದರೆ ಎರಡು.

ಆಗ ಕಾಕೋಸಾ ಜ್ವರದಿಂದ ಆಸ್ಪತ್ರೆಯಲ್ಲಿದ್ದರು. ಗಬ್ಬವಾಗಿದ್ದ ರೋಹಿಡಿಯನ್ನು ಅವರ ಮಗ ನಾಗೌರದ ಜಾನುವಾರು ಮೇಳಕ್ಕೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಯಾರಿಗೆ ಅಂತ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಹೆಜ್ಜೆಯ ಮೇಲೆ ಬೋಗುಣಿ ಮುಚ್ಚಿದವಳು ಅವರ ಹೆಂಡತಿ ಕಾಕೀಸಾ. ಮುಚ್ಚುವ ಮುಂಚೆ, ಆಗಷ್ಟೇ ಕಾಲೇಜು ಸೇರಿದ್ದ ನಾನು ಟೇಪು ಹಿಡಿದು ಅಳೆದು ಬರೆದಿಟ್ಟೆ: ಅಗಲ ಹತ್ತೊಂಬತ್ತು ಸೆಂಟಿಮೀಟರು.

ಒಂಟೆಯನ್ನು ಕಳಿಸುವಾಗ ಸಾಕಿದವರು ಅದರ ಕಿವಿಯಲ್ಲಿ 'ಹೋಗಿ ಬಾ' ಅನ್ನಬೇಕು. ಅನ್ನದಿದ್ದರೆ ಅದು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತದೆ. ಇದು ನಮ್ಮ ಮನೆಯ ನಂಬಿಕೆ. ಆ ಒಂದು ಮಾತು ಕಾಕೋಸಾರ ಬಾಯಲ್ಲೇ ಉಳಿದುಹೋಯಿತು.

ನಾನು ಪ್ರಾಣಿಶಾಸ್ತ್ರ ಮುಗಿಸಿ ಊರಿಗೇ ಬಂದೆ. ಮಾಘ ಮಾಸದಲ್ಲಿ ಪ್ರವಾಸಿಗರನ್ನು ನಾಗೌರದ ಮೇಳಕ್ಕೆ ಕರೆದೊಯ್ಯುವುದು ಈಗ ನನ್ನ ಕೆಲಸ. ಈ ಸಲ ಬಂದವರು ಪುಣೆಯ ಕರ್ವೆ ದಂಪತಿ. ಜೀಪು ಹೊರಡುವಾಗ ನೋಡಿದರೆ ಕೆಂಪು ಪೇಟ ಸುತ್ತಿಕೊಂಡ ಕಾಕೋಸಾ ಮುಂದಿನ ಸೀಟಿನಲ್ಲಿ ಕೂತಿದ್ದಾರೆ.

"ಕಾಕೋಸಾ, ಅದು ಗಿರಾಕಿಗಳ ಜಾಗ."

"ಇರ್ಲಿ ತೀಜೂ. ನಾನು ದಾರಿ ತೋರಿಸೋನು. ಹೆಜ್ಜೆ ಓದೋದು ನಿನ್ನ ಕಾಲೇಜಲ್ಲಿ ಕಲಿಸಿದ್ರಾ?"

ಒಳಗಿನಿಂದ ಕಾಕೀಸಾ ಕೂಗಿದಳು: "ಕರ್ಕೊಂಡು ಹೋಗೇ. ರೋಹಿಡಿ ಸಿಗ್ಲಿ, ಬಿಡ್ಲಿ, ನನ್ನ ಬೋಗುಣಿ ನನಗೆ ಸಿಕ್ರೆ ಸಾಕು. ಆರು ವರ್ಷದಿಂದ ತಟ್ಟೇಲಿ ಹಿಟ್ಟು ಕಲಸ್ತಿದೀನಿ!"

ನಾವು ತಲುಪಿದಾಗ ಬೆಳಕು ಇನ್ನೂ ಬಲಿತಿರಲಿಲ್ಲ. ಮಂಜು, ಬೆರಣಿಯ ಹೊಗೆ, ಧೂಳು ಮೂರೂ ಕಲೆತು ಎದೆಯೆತ್ತರಕ್ಕೆ ನಿಂತಿದ್ದವು. ಅದರ ಮೇಲೆ ಒಂಟೆಗಳ ಡುಬ್ಬ, ಕತ್ತು, ತಲೆಗಳು ಮಾತ್ರ ತೇಲುತ್ತಿದ್ದವು. ಗಂಟೆಯ ಸದ್ದು ಒಂದು ಕಡೆಯಿಂದ, ಒಂಟೆ ಇನ್ನೊಂದು ಕಡೆಯಿಂದ ಬರುವಂತಿತ್ತು.

"ಇವು ನಡೀತಿವೆಯೋ, ಈಜ್ತಿವೆಯೋ?" ಎಂದರು ಕರ್ವೆಯವರ ಹೆಂಡತಿ, ಯಾರನ್ನೋ ಎಬ್ಬಿಸಲು ಹೆದರಿದವರ ಹಾಗೆ.

"ನೆಲ ನೋಡಿ ಬಾಯಿಸಾ, ನೆಲ," ಎನ್ನುತ್ತಲೇ ಕಾಕೋಸಾ ಬಗ್ಗಿ ಹೊಗೆಯೊಳಗೆ ಮಾಯವಾದರು. ಎಷ್ಟೋ ಹೊತ್ತಿನ ಮೇಲೆ ಅದರೊಳಗಿಂದ ಕೂಗು ಬಂತು. "ತೀಜೂ! ಬಾ ಇಲ್ಲಿ. ಅವಳೇ!"

ಹೋಗಿ ಕೂತು ನೋಡಿದೆ. ಎಡ ಹಿಂಗಾಲು ಒಳಕ್ಕೆ ತಿರುಗಿತ್ತು. ಹೊರಬೆರಳು ಎಳೆದ ಕಡೆ ಉಗುರಿನಷ್ಟು ಬಾಗಿದ ಗೆರೆ. ರೋಹಿಡಿಯ ಹೆಜ್ಜೆ ಹಾಗೆಯೇ ಇತ್ತು. ಕಾಕೋಸಾ ಮುಂದೆ ಸರಿದ ಮೇಲೆ ಟೇಪು ತೆಗೆದು ಅಳೆದೆ. ಹದಿನೇಳೂವರೆ, ಹತ್ತೊಂಬತ್ತಲ್ಲ. ಮತ್ತೊಂದು ಹೆಜ್ಜೆ ಅಳೆದೆ, ಅದೂ ಅಷ್ಟೇ. ಬೆಳೆದ ಒಂಟೆಯ ಪಾದ ಕುಗ್ಗುವುದಿಲ್ಲ. ಕರೆದು ಹೇಳಬೇಕೆಂದು ಬಾಯಿ ತೆರೆದೆ. ಎಪ್ಪತ್ತು ದಾಟಿದ ಕಾಕೋಸಾ ಮಗುವಿನ ಹಾಗೆ ಬಗ್ಗಿ ಬಗ್ಗಿ ಓಡುತ್ತಿದ್ದರು. ಟೇಪನ್ನು ಜೇಬಿಗೆ ಹಾಕಿಕೊಂಡೆ.

ಅವರ ಹಿಂದೆ ನಾನು, ನನ್ನ ಹಿಂದೆ ಕರ್ವೆ ದಂಪತಿ. ಮೈಗೂದಲಲ್ಲಿ ನವಿಲು, ಬಳ್ಳಿಯ ಚಿತ್ತಾರ ಕತ್ತರಿಸಿದ ಒಂಟೆಗಳು ಮಂಜಿನಿಂದ ಬಂದು ಮಂಜಿಗೆ ಹೋದವು. ಎಲ್ಲೋ ಯಾರೋ ಹಾಡುತ್ತಿದ್ದರು, ಅಥವಾ ಒಂಟೆಯನ್ನು ಬೈಯುತ್ತಿದ್ದರು. ಗಡಿಯಾರದ ಪ್ರಕಾರ ನಾವು ನಡೆದದ್ದು ಹದಿನೇಳು ನಿಮಿಷ. ನನಗಂತೂ ಒಂದು ಋತು ಕಳೆದಂತಿತ್ತು.

ಹೆಜ್ಜೆ ನಿಂತ ಕಡೆ ಮರಳಿನ ಬಣ್ಣದ ಹೆಣ್ಣೊಂಟೆ ನಿಂತಿತ್ತು.

"ರೋಹಿಡೀ," ಎಂದರು ಕಾಕೋಸಾ.

ಅದು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಆಮೇಲೆ ಹತ್ತಿರ ಹೋಗಿ ತುಟಿ ಸರಿಸಿ ಹಲ್ಲು ನೋಡಿದರು. ಐದು ವರ್ಷದ ಹಲ್ಲು. ಅವರ ಕೈ ಅಲ್ಲೇ ನಿಂತಿತು.

ಕಂಬಳಿಯ ಗುಡ್ಡೆಯೊಂದು ಎದ್ದು ಕೂತು ಗದರಿತು: "ಯಾರಪ್ಪಾ ಅದು, ನನ್ನ ಹುಡುಗಿ ಬಾಯಿಗೆ ಕೈ ಹಾಕೋನು? ವೈದ್ಯನೋ ಕಳ್ಳನೋ?"

"ರೈಕಾ."

"ನಮ್ಮೋನೇ! ಹಂಗಾದ್ರೆ ಕೂತ್ಕೋ, ಚಾ ಕುಡಿ. ಹೆಸರು ನೇತಾರಾಮ್, ಜಾಲೋರ್ ಕಡೆಯೋನು."

ಕಾಕೋಸಾ ಕೂರಲಿಲ್ಲ. "ಇವಳ ತಾಯಿ?"

"ಆರು ವರ್ಷದ ಹಿಂದೆ ಇದೇ ಮೇಳದಲ್ಲಿ, ಗಬ್ಬ ಇದ್ದಾಗ ತಗೊಂಡಿದ್ದೆ. ಹೋದ ಬೇಸಿಗೇಲಿ ಹಾವು ಕಚ್ತು. ಹೋದಳು. ಇವಳೂ ಅವಳ ಹಾಗೇ ಕಾಲೆಳೀತಾಳೆ ನೋಡು. ಯಾಕೆ, ನಿನ್ನವಳಾ?"

ಕಾಕೋಸಾ ಒಂಟೆಯ ಎಡ ಹಿಂಗಾಲು ನೋಡಿದರು. "ಅವಳು... ಹಿಂದೆ ತಿರುಗಿ ನೋಡ್ತಿದ್ದಳಾ?"

ಸುಳ್ಳು ಹೇಳಲೋ ಬೇಡವೋ ಎಂಬಂತೆ ನೇತಾರಾಮ್ ಅವರ ಮುಖ ನೋಡಿದ. "ನೋಡ್ತಿದ್ದಳು, ಅಣ್ಣ. ಮೊದಲ ವರ್ಷ. ಆಮೇಲೆ ಇವಳು ಹುಟ್ಟಿದಳು. ಇವಳನ್ನ ನೋಡೋದ್ರಲ್ಲೇ ಅವಳಿಗೆ ಹೊತ್ತು ಹೋಯ್ತು."

ಕಾಕೋಸಾ ಮಗಳೊಂಟೆಯ ಕತ್ತು ಬಗ್ಗಿಸಿಕೊಂಡು ಕಿವಿಗೆ ಬಾಯಿಟ್ಟರು. ನನಗೆ ಕೇಳಿಸಿದ್ದು ಕೊನೆಯ 'ಹೋಗಿ ಬಾ' ಮಾತ್ರ. ಒಂಟೆ ಕಿವಿ ಕೊಡವಿ, ಮೆಲುಕು ಮುಂದುವರಿಸಿತು.

ವಾಪಸು ಬರುವಾಗ ನಾನು ತಪ್ಪೊಪ್ಪಿಕೊಂಡೆ. "ಅಳೆದಿದ್ದೆ, ಕಾಕೋಸಾ. ಅವಳಲ್ಲ ಅಂತ ಆಗಲೇ ಗೊತ್ತಾಗಿತ್ತು."

"ಆಗಲೇ ಹೇಳಿದ್ರೆ ನಾನು ಮುಂದೆ ಹೋಗ್ತಿರ್ಲಿಲ್ಲ." ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. "ಓದಿದೋಳು ಒಂದ್ಸಲ ಬಾಯಿ ಮುಚ್ಕೊಂಡಿದ್ದು ಒಳ್ಳೇದೇ ಆಯ್ತು."

ಸಂಜೆ ಅಂಗಳದಲ್ಲಿ ಅವರೇ ಬೋಗುಣಿ ಎತ್ತಿದರು. ಅಂಚು ಒಂದು ಕಡೆ ಮುಕ್ಕಾಗಿತ್ತು. ಹೆಜ್ಜೆ ಇರಲಿಲ್ಲ. ಇರುವೆ ಹಿಡಿಯುವ ಹುಳುಗಳು ತೋಡಿದ, ಆಲಿಕೆಯಂಥ ಮೂರು ಪುಟ್ಟ ಗುಂಡಿಗಳಿದ್ದವು.

"ಆರು ವರ್ಷ ಇವಕ್ಕೆ ಸೂರು ಹಾಕ್ಕೊಟ್ಟಿದ್ದೀವಿ ನೋಡು," ಎಂದು ಕಾಕೋಸಾ ನಕ್ಕರು. ನಗುತ್ತಲೇ ಪೇಟದ ತುದಿಯಿಂದ ಕಣ್ಣೊರೆಸಿಕೊಂಡರು.

ಕಾಕೀಸಾ ಬೋಗುಣಿ ತೆಗೆದುಕೊಂಡಳು. ಆರು ವರ್ಷ ಆ ಜಾಗಕ್ಕೆ ಸುತ್ತು ಹಾಕಿ ನಡೆದವಳು. ಈಗಲೂ ಹಾಗೆಯೇ ಸುತ್ತಿಕೊಂಡು ಒಳಗೆ ಹೋದಳು.