ಹದಿನೈದು ವರ್ಷದ ಕ್ಯಾಪ್

ಕುರಿಯ ಬಾಯಿ ಬಿಚ್ಚಿ, ಹಲ್ಲು ನೋಡಿ ಅದರ ವಯಸ್ಸು ಹೇಳುವುದರಲ್ಲಿ ಭಾತಂಬ್ರಾದ ಧೊಂಡಿಬಾ ಗಟ್ಟಿಗ. ಸಂತೆಯಲ್ಲಿ ಅವನನ್ನು ಕೇಳದೆ ಕುರಿ ಕೊಳ್ಳುವವರು ಕಡಿಮೆ. ಆದರೆ ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ ಹೀರಾಬಾಯಿಯ ಬಾಯೊಳಗೆ ಏನಾಗಿದೆ ಎಂದು ಅವನು ಒಮ್ಮೆಯೂ ಇಣುಕಿರಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳ ದವಡೆ ಹಲ್ಲು ನೋಯತೊಡಗಿತು. ಲವಂಗ ಕಚ್ಚಿಕೊಂಡೇ ಎಂಟು ದಿನ ರೊಟ್ಟಿ ಬಡಿದಳು. ಒಂಬತ್ತನೆಯ ದಿನ ಕೆನ್ನೆ ಊದಿ ಮಾತು ತೊದಲಿದಾಗ ಅವನ ಗಮನಕ್ಕೆ ಬಂತು.

“ಭಾಲ್ಕಿಗಿ ಹೋಗಿ ಬಾ,” ಎಂದ. “ಬಸ್ಸು ಫುಕಟ್, ಸರ್ಕಾರಿ ದವಾಖಾನಿನೂ ಫುಕಟ್. ಇನ್ನೇನ್ ಬೇಕು ನಿನಗ?”

ದವಾಖಾನೆಯ ಹಲ್ಲಿನ ಡಾಕ್ಟರ್ ಸುಜಾತಾ ನೋಡಿ, “ಇದು ಉಳೀತದರಿ ಅವ್ವಾ. ಬೇರು ಸ್ವಚ್ಛ ಮಾಡಿ ತುಂಬ್ತೇನಿ. ಮೂರು ಮಂಗಳವಾರ ಬರಬೇಕಾಗ್ತದ,” ಎಂದರು. ಹೀರಾಬಾಯಿ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು.

“ಮೂರು ಸಲ ಯಾಕ? ಮನಿ ಕೆಲಸ ಯಾರು ಮಾಡಬೇಕು? ಕಿತ್ತಿಸ್ಕೊಂಡು ಬಾ.”

ಆ ದನಿ ಡಾಕ್ಟರಿಗೂ ಕೇಳಿಸಿತು. “ಹಲ್ಲು ನಿಮ್ದು ಅದ. ನೀವೇನಂತೀರಿ?” ಎಂದು ಕೇಳಿದರು. ಹೀರಾಬಾಯಿ ಕುರ್ಚಿಗೆ ಒರಗಿ, ಕೀಳಲಿ ಎಂದು ಬಾಯಿ ತೆರೆದಳು.

ಚೀಟಿಗೆ ಹತ್ತು ರೂಪಾಯಿ, ಅಷ್ಟೇ. ಅಂದು ಸಂಜೆ ಮುರ್ತುಜಾನ ಚಹಾದ ಹೋಟೆಲಿನಲ್ಲಿ ಧೊಂಡಿಬಾ, “ಬೀದರ್‌ದಾಗ ಪ್ರೈವೇಟಿಗಿ ಹೋಗಿದ್ರ ಹತ್ತು ಸಾವಿರ ಎಳೀತಿದ್ರು. ನಾ ಹತ್ತು ರೂಪಾಯಿದಾಗ ಮುಗಿಸಿದೆ,” ಎಂದು ಎಲ್ಲರಿಗೂ ಹೇಳಿದ. ಅವನ ಮಾತು ಕೇಳಿದವರಿಗೆ, ಹಲ್ಲು ಕೀಳಿಸಿಕೊಂಡವನು ಅವನೇ ಅನ್ನಿಸಬೇಕು.

ಆಷಾಢದಲ್ಲಿ ಅವನ ಹಲ್ಲೇ ನೋಯಿತು, ಅದೂ ಅರ್ಧ ದಿನ. ಹೀರಾಬಾಯಿ ಕೊಟ್ಟ ಲವಂಗವನ್ನು ಉಗಿದ. ಆ ಬೇಸಿಗೆಯಲ್ಲಿ ಸಂತಪುರದಿಂದ ಮದುವೆಯಾಗಿ ಬಂದಿದ್ದ ಸೊಸೆ ಸೋನಾಲಿ ಭಾಲ್ಕಿ ದವಾಖಾನೆಯ ಹೆಸರೆತ್ತಿದಳು.

“ಅಲ್ಲಿ ಪಾಳಿ ಭಾಳ. ಅದು ಸಣ್ಣ ಮಂದಿ ಹೋಗೋ ಜಾಗ,” ಎಂದ.

ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ಅವನ ತೊಗರಿ ಕೊಳ್ಳುವ ಕಾಶೀರಾಮ ಬೀದರಿನ ಒಂದು ಕ್ಲಿನಿಕ್ಕಿನ ವಿಳಾಸ ಕೊಟ್ಟ. ಗಾಜಿನ ಬಾಗಿಲು, ಎ.ಸಿ., ಗೋಡೆ ತುಂಬ ನಗುವ ಬಿಳಿ ಹಲ್ಲುಗಳು. ಡಾಕ್ಟರ್ ವಿಶ್ವಾಸ ಅವನ ಹಲ್ಲನ್ನು ಟೀವಿಯಲ್ಲಿ ಕಲ್ಲಂಗಡಿಯಷ್ಟು ದೊಡ್ಡದು ಮಾಡಿ ತೋರಿಸಿದರು. ಟೀವಿಯಲ್ಲಿ ಬಂದ ಸಂತೋಷಕ್ಕೆ ಧೊಂಡಿಬಾ ನೋವನ್ನೇ ಮರೆತ.

“ಹಲ್ಲಿನ ಮ್ಯಾಲ ಕೂಡಿಸೋ ಕ್ಯಾಪ್ ಮೂರು ನಮೂನಿ ಅವರಿ. ಐದು ವರ್ಷ ಗ್ಯಾರಂಟಿದು, ಹತ್ತು ವರ್ಷದ್ದು, ಹದಿನೈದು ವರ್ಷದ್ದು.”

“ಹದಿನೈದರದ್ದೇ ಹಾಕ್ರಿ. ನಾ ಏನ್ ಐದು ವರ್ಷಕ್ಕ ಸಾಯೋನೇನು?”

ಬೇರಿನ ಕೆಲಸ, ಕ್ಯಾಪ್, ಅದರ ಜೊತೆಗೆ ನೋವೇ ಇರದ ಪಕ್ಕದ ಎರಡು ಹಲ್ಲಿಗೆ ಭರ್ತಿ ಸೇರಿ ಹದಿನೆಂಟು ಸಾವಿರವಾಯಿತು, ಅದರಲ್ಲಿ ಕ್ಯಾಪಿನದೇ ಒಂಬತ್ತು. ಎರಡು ಟಗರು ಮಾರಿ ಕಟ್ಟಿದ. ನಾಲ್ಕು ಸಲ ಬೀದರಿಗೆ ಹೋಗಿ ಬಂದ. ಆ ನಾಲ್ಕೂ ದಿನ ಮನೆಗೆಲಸದ ಮೇಲೆ ಕುರಿಯನ್ನೂ ಹೀರಾಬಾಯಿಯೇ ಕಾಯ್ದಳು.

“ನನ್ನ ಹಲ್ಲಿಗಿ ಮೂರು ದಿನ ಸಿಗಲಿಲ್ಲ. ನಿಮ್ಮ ಹಲ್ಲಿಗಿ ನಾಲ್ಕು ದಿನ ಎಲ್ಲಿಂದ ಬಂದವುರಿ?” ಎಂದು ಕೇಳಿದಳು.

“ನಾ ನಾಲ್ಕು ಮಂದ್ಯಾಗ ಮಾತಾಡವ. ನಿನಗೇನ್ ಭಾಷಣ ಮಾಡೋದದ?”

ಗಣಪತಿ ಹಬ್ಬ ಕಳೆದ ಮೇಲೆ ಅವಳ ಇನ್ನೊಂದು ಹಲ್ಲು ನೋಯಿತು. ಈ ಸಲ ಯಾರಿಗೂ ಹೇಳದೆ ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿದಳು. ಎರಡು ತಾಸು ಪಾಳಿ, ಕರೆಂಟ್ ಹೋದದ್ದಕ್ಕೆ ಇನ್ನೊಂದು ತಾಸು. ಮುಂದಿನ ವಾರವೂ ಹಾಗೇ. ಮೂರನೆಯ ವಾರಕ್ಕೆ ಹಲ್ಲು ಉಳಿಯಿತು. ಕ್ಯಾಪು ಮಾತ್ರ ಹೊರಗಿನ ಕ್ಲಿನಿಕ್ಕಿನಲ್ಲಿ ಹಾಕಿಸಬೇಕಾಗಿತ್ತು. ತಾನೇ ಸಾಕಿದ ಆಡಿನ ಮರಿ ಮಾರಿ, ಎರಡು ಸಾವಿರಕ್ಕೆ ಉಕ್ಕಿನದು ಹಾಕಿಸಿಕೊಂಡಳು.

ಧೊಂಡಿಬಾ ಅದನ್ನು ನೋಡಿ ನಕ್ಕ. “ಬಾಯಾಗ ತಂಬಿಗಿ ಇಟ್ಟಂಗ ಕಾಣ್ತದ,” ಎಂದು ತನ್ನ ಗ್ಯಾರಂಟಿ ಕಾರ್ಡು ತೆಗೆದು ಸೊಸೆಯ ಕೈಯಲ್ಲಿ ಓದಿಸಿದ.

ಹದಿನೈದು ವರ್ಷದಲ್ಲಿ ಐದು ತಿಂಗಳು ಕಳೆದಿರಬೇಕು, ಕ್ಯಾಪಿನ ಕೆಳಗೆ ವಸಡು ಊದಿತು. ಕಾರ್ಡು ಹಿಡಿದು ಬೀದರಿಗೆ ಓಡಿದ. ಡಾಕ್ಟರ್ ವಿಶ್ವಾಸ ಕ್ಯಾಪನ್ನು ಮೆಲ್ಲಗೆ ತಟ್ಟಿದರು.

“ಕ್ಯಾಪಿಗಿ ಏನೂ ಆಗಿಲ್ಲರಿ, ಗಟ್ಟಿ ಅದ. ತ್ರಾಸು ಬೇರಿನಾಗ ಅದ. ಗ್ಯಾರಂಟಿ ಕ್ಯಾಪಿಗಿ ಅದರಿ, ಹಲ್ಲಿಗಿ ಇಲ್ಲ. ಹೊಸದಾಗಿ ಮಾಡಲಿಕ್ಕ ಹನ್ನೆರಡು ಸಾವಿರ ಆಗ್ತದ.”

ಧೊಂಡಿಬಾ ಕುರಿ ಸಂತೆಯಲ್ಲಿ ಜಗ್ಗಾಡುವಂತೆ ಜಗ್ಗಾಡಿದ. ಡಾಕ್ಟರು ಐನೂರು ಬಿಟ್ಟರು.

ಮಂಗಳವಾರ ಅವನು ಭಾಲ್ಕಿಯಲ್ಲಿ ಸಣ್ಣ ಮಂದಿಯ ಪಾಳಿಗೆ ನಿಂತ, ಮೂವತ್ತೆಂಟನೆಯವನಾಗಿ. ಹೀರಾಬಾಯಿ ದಾರಿ ತೋರಿಸಲು ಜೊತೆಗೆ ಬಂದಿದ್ದಳು. ಸುಜಾತಾ ಎಕ್ಸ್‌ರೇ ನೋಡಿ, ಬೇರಿನ ತುದಿಯವರೆಗೆ ಮದ್ದು ತುಂಬಿಲ್ಲ, ಕ್ಯಾಪ್ ಕತ್ತರಿಸದೆ ಬೇರೆ ದಾರಿಯಿಲ್ಲ ಎಂದರು. ಅರ್ಧ ತಾಸು ಕೊರೆದ ಮೇಲೆ ಅದು ಎರಡು ಹೋಳಾಗಿ ತಟ್ಟೆಯಲ್ಲಿ ಬಿತ್ತು.

“ಅದನ್ನ ನನಗ ಕೊಡ್ರಿ ಮೇಡಂ,” ಎಂದ ಧೊಂಡಿಬಾ, ಮರಗಟ್ಟಿದ ತುಟಿಯಲ್ಲಿ.

“ಏನ್ ಮಾಡ್ತೀರಿ?”

“ಒಂಬತ್ತು ಸಾವಿರದ್ದದರಿ.”

ಡಾಕ್ಟರು ಹೋಳುಗಳನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. ಅವನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ.

ನಾಲ್ಕು ಮಂಗಳವಾರಕ್ಕೆ ನೋವು ನಿಂತಿತು. ಈಗ ಧೊಂಡಿಬಾ ಯಾರಿಗೆ ಹಲ್ಲು ನೋವು ಬಂದರೂ ಭಾಲ್ಕಿಗೆ ಹೋಗಲು ಉಪದೇಶ ಮಾಡುತ್ತಾನೆ. “ಪ್ರೈವೇಟಿನವರ ಮಾತು ಕೇಳಬ್ಯಾಡ್ರಿ. ನಮ್ಮ ಮನ್ಯಾಗ ನಾ ಎರಡು ಹಲ್ಲು ಉಳಿಸೀನಿ,” ಎನ್ನುತ್ತಾನೆ. ಮುರ್ತುಜಾ “ಹೌದರಿ ಕಾಕಾ” ಎಂದು ಚಹಾ ಮುಂದಿಡುತ್ತಾನೆ.

ಮೊನ್ನೆ ಸೋನಾಲಿ ಕೆನ್ನೆ ಹಿಡಿದು ಕೂತಳು. ಹೀರಾಬಾಯಿ ಗಂಡನನ್ನು ಕೇಳಲು ಹೋಗಲಿಲ್ಲ, ಮಗನನ್ನೂ ಕೇಳಲಿಲ್ಲ. ಒಂಬತ್ತರ ಬಸ್ಸಿನಲ್ಲಿ ಸೊಸೆಯನ್ನು ಕಿಟಕಿ ಪಕ್ಕ ಕೂಡಿಸಿ, ದಾರಿಯುದ್ದಕ್ಕೂ ಹೇಳಿಕೊಟ್ಟಳು.

“ಕುರ್ಚಿ ಮ್ಯಾಲ ಕೂಡೋದಕ್ಕ ಮೊದಲೇ ಹೇಳ್ಬೇಕು, ಹಲ್ಲು ಉಳಿಸ್ರಿ ಅಂತ. ಒಮ್ಮಿ ಬಾಯಾಗ ಕೈ ಹಾಕಿದ್ರಂದ್ರ ಮಾತಾಡಲಿಕ್ಕಿ ಆಗಲ್ಲ.”