ಐದು ತುಂಡು ಬಿಳಿ ಬಟ್ಟೆ

"ಗಂಡಸಿಗೋ, ಹೆಂಗಸಿಗೋ?" ಎಂದು ಕೇಳಿದ ಬಟ್ಟೆ ಅಂಗಡಿಯ ಹಮ್ಮಾದಿ, ಕತ್ತರಿ ಕೈಗೆತ್ತಿಕೊಳ್ಳುತ್ತ.

"ಹೆಂಗಸಿಗೆ," ಎಂದ ಶಾದ್ಲಿ.

"ಹಾಗಾದ್ರೆ ಐದು ತುಂಡು. ಗಂಡಸಾಗಿದ್ರೆ ಮೂರರಲ್ಲೇ ಮುಗೀತಿತ್ತು." ಬಟ್ಟೆ ಸರ್ರನೆ ಹರಿಯಿತು. "ಯಾರು ಹೋದ್ರು, ಉಸ್ತಾದ್?"

"ಮಸೂದಾ."

"ಅಯ್ಯೋ, ನಿಮ್ಮನೆ ಮಸೂದಾ! ಪಾಪ, ಎಂಬತ್ತರ ಹತ್ತಿರ ಇತ್ತೇನೋ. ಈ ಕಾಲದಲ್ಲೂ ಹೆಣಕ್ಕೆ ಸುತ್ತೋ ಕಫನ್ ನಿಮ್ಮ ಮನೆಯಿಂದ್ಲೇ ಹೋಗುತ್ತೆ ನೋಡಿ. ದೊಡ್ಡಮನೆ ಅಂದ್ರೆ ದೊಡ್ಡಮನೆ."

ನಿಮ್ಮನೆ ಮಸೂದಾ. ಹತ್ತು ದಿನಗಳ ಹಿಂದೆ ಯಾರಾದರೂ ಹೀಗಂದಿದ್ದರೆ ಶಾದ್ಲಿಯ ಕಿವಿಗೆ ಹಿತವಾಗಿಯೇ ಇರುತ್ತಿತ್ತು. ಇವತ್ತು ಆತ ಹಮ್ಮಾದಿಯ ಮುಖ ನೋಡದೆ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಹೊರಬಂದ.

ಶಾದ್ಲಿ ಬಿನ್ ಮಖ್ಲೂಫ್ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಅಮೆರಿಕಕ್ಕಿಂತ ಮೊದಲೇ ಗುಲಾಮಗಿರಿ ರದ್ದು ಮಾಡಿದ ದೇಶ ನಮ್ಮ ಟ್ಯುನೀಸಿಯಾ ಎಂದು ಇಪ್ಪತ್ತೆಂಟು ವರ್ಷಗಳಿಂದ ಎದೆಯುಬ್ಬಿಸಿ ಪಾಠ ಮಾಡಿದವನು. ಆದರೆ ಅವನ ಜೆರ್ಬಾ ದ್ವೀಪದಲ್ಲಿ ಮಸೂದಾಳ ಗುರುತಿನ ಚೀಟಿಯಲ್ಲಿ ಹೆಸರಿನ ಮುಂದೆ 'ಅತೀಖ್ ಬಿನ್ ಮಖ್ಲೂಫ್' ಎಂದೇ ಇತ್ತು. ಮಖ್ಲೂಫ್ ಮನೆಯವರು ಗುಲಾಮಗಿರಿಯಿಂದ ಬಿಡುಗಡೆ ಮಾಡಿದ ವಂಶ ಎಂದರ್ಥ. ಅಂಥ ವಂಶದ ಗಂಡಸರು ದೊಡ್ಡಮನೆಯ ಮದುವೆಗೆ ಡೋಲು ಬಾರಿಸಬೇಕು, ಹೆಂಗಸರು ಅಡುಗೆಗೆ ಬರಬೇಕು. ಸತ್ತರೆ ದೊಡ್ಡಮನೆ ಬಟ್ಟೆ ಕೊಡಬೇಕು. ಇದನ್ನು ಯಾರೂ ಪಾಠದಲ್ಲಿ ಹೇಳುವುದಿಲ್ಲ, ಶಾದ್ಲಿಯೂ ಹೇಳಿರಲಿಲ್ಲ.

ಡಿಎನ್ಎ ಪರೀಕ್ಷೆಯ ಡಬ್ಬಿ ಕಳಿಸಿದ್ದು ಫ್ರಾನ್ಸಿನ ಲಿಯೋನ್‌ನಲ್ಲಿರುವ ಮಗಳು. "ಅಪ್ಪ, ವಂಶಾವಳಿ ಪುಸ್ತಕ ಬರೀತಿದ್ದೀಯಲ್ಲ, ಒಂದು ಸಲ ಕೊಳವೆಗೆ ಉಗುಳಿ ಕಳಿಸು, ಪುರಾವೆ ಸಿಗುತ್ತೆ," ಎಂದಿದ್ದಳು. ಉಗುಳಿದ. ಹತ್ತು ದಿನಗಳ ಹಿಂದೆ ಫೋನಿನಲ್ಲಿ ಫಲಿತಾಂಶ ಬಂತು. ಇಷ್ಟು ಪಾಲು ಸ್ಪೇನಿನದು ಎಂಬ ಅಂಕಿ ನೋಡಿ, ಹಿರಿಯರು ಅಲ್ಲಿಂದ ಬಂದವರೆಂಬ ಮನೆಮಾತು ನಿಜವಾಯಿತೆಂದು ಹಿಗ್ಗಿ, ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ತೋರಿಸಿದ. ಸಂಜೆ ಮನೆಯಲ್ಲಿ ಕೂತು ಮುಂದಿನ ಪುಟ ತೆರೆದ.

ಸಮೀಪದ ಸಂಬಂಧಿ: ಬೆಲ್ಖೇರ್ ಅತೀಖ್. ಬಹುಶಃ ತಂದೆ ಒಬ್ಬನೇ, ತಾಯಿ ಬೇರೆ.

ಪಕ್ಕದಲ್ಲಿ ಚಿತ್ರ. ಮಸೂದಾಳ ಮಗ ಬೆಲ್ಖೇರ್, ಹೆಗಲಿಗೆ ಡೋಲು ತೂಗುಹಾಕಿಕೊಂಡು ಹಲ್ಲು ಬಿಡುತ್ತಿದ್ದ. ಅದು ಶಾದ್ಲಿಯ ಮಗಳ ಮದುವೆಯಲ್ಲಿ ತೆಗೆದದ್ದು. ಮಾರ್ಸೆಲ್ಸ್‌ನಲ್ಲಿ ಕೆಲಸ ಮಾಡುವ ಬೆಲ್ಖೇರ್‌ನ ಮಗ ಅಪ್ಪನಿಂದಲೂ ಉಗುಳಿಸಿದ್ದನಂತೆ. ಸ್ವಲ್ಪ ಹೊತ್ತಿನಲ್ಲೇ ಬೆಲ್ಖೇರ್‌ನ ಸಂದೇಶ ಬಂತು, ಒಡೆಯನನ್ನು ಕರೆಯುವ ರೂಢಿಯಲ್ಲೇ: "ಸೀದಿ ಶಾದ್ಲಿ, ಇದು ನೀವೇನಾ?"

ಶಾದ್ಲಿ ಖಾತೆಯನ್ನೇ ಅಳಿಸಿ ಹಾಕಿದ. ಅಳಿಸಿದ ಮೇಲೆ ಕೈ ತೊಳೆದುಕೊಂಡ. ಯಾಕೆ ತೊಳೆದೆ ಎಂದು ಆಮೇಲೆ ತನ್ನನ್ನೇ ಕೇಳಿಕೊಂಡು ನಾಚಿಕೆಪಟ್ಟ.

ಬಟ್ಟೆ ತೆಗೆದುಕೊಂಡು ಮನೆಗೆ ಬಂದಾಗ ಹೆಂಡತಿ ನಬೀಹಾ ಪೊಟ್ಟಣ ಮುಟ್ಟಿ ನೋಡಿದಳು. "ಒಳ್ಳೇ ಬಟ್ಟೆ ತಂದಿದ್ದೀರಿ. ನಿಮ್ಮಪ್ಪ ಇದ್ದಿದ್ರೂ ಇದನ್ನೇ ತರೋರು. ಎಂಥ ಪುಣ್ಯಾತ್ಮ! ಆ ಮಸೂದಾಗೆ ಮನೆ ಕಟ್ಟಿಸಿಕೊಟ್ರು, ಬಾವಿ ತೋಡಿಸಿದ್ರು. ಕೆಲಸದೋಳಿಗೆ ಯಾರು ಮಾಡ್ತಾರೆ ಹೇಳಿ?"

"ಯಾರೂ ಮಾಡಲ್ಲ," ಎಂದ ಶಾದ್ಲಿ.

"ಏನು, ಮುಖ ಯಾಕೆ ಹಂಗಿದೆ?"

"ಬಿಸಿಲು."

ಗೋಡೆಯ ಮೇಲೆ ಚೌಕಟ್ಟು ಹಾಕಿದ ವಂಶವೃಕ್ಷ. ಅಪ್ಪ ಹಾಜ್ ತಯ್ಯೆಬ್‌ನ ಕೆಳಗೆ ಮೊದಲ ಕೊಂಬೆಯಲ್ಲಿ ಹಿರಿಯ ಮಗ ಶಾದ್ಲಿ. ಬೆಲ್ಖೇರ್ ಅವನಿಗಿಂತ ಏಳು ವರ್ಷ ದೊಡ್ಡವನು. ಮಸೂದಾ ಮಗನನ್ನು ಹೆತ್ತಾಗ ಅವಳಿಗೆಷ್ಟು ವಯಸ್ಸು? ಚರಿತ್ರೆ ಮೇಷ್ಟ್ರಿಗೆ ಇಸವಿ ಕಳೆಯುವುದು ಕಷ್ಟವೇ? ಹದಿನೇಳು. ಅಪ್ಪನ ಕೋಣೆಗೆ ಬೆಳಗಿನ ಕಾಫಿ ಒಯ್ಯುತ್ತಿದ್ದವಳು. ಆಮೇಲೆ ಶಾದ್ಲಿಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದವಳು. ಅವಳನ್ನು ಯಾರಾದರೂ ಏನಾದರೂ ಕೇಳಿದ್ದರೇ? ಥೂ, ಎಂದುಕೊಂಡ. ಯಾರಿಗೆ ಅಂದದ್ದು ಎಂದು ಅವನಿಗೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಮಸೂದಾಳ ಮನೆಗೆ ಹೋದ. ಬೆಲ್ಖೇರ್ ಹೊಸಿಲಲ್ಲೇ ಎದುರಾದ. ಒಳಗೆ ಹೆಂಗಸರು ಹೆಣ ತೊಳೆಯುತ್ತಿದ್ದರು.

"ಬಟ್ಟೆ ತಂದಿದ್ದೀನಿ," ಎಂದ ಶಾದ್ಲಿ.

"ಬೇಡ ಸೀದಿ. ಅಮ್ಮನೇ ತಂದಿಟ್ಕೊಂಡಿದ್ಲು. ಹದಿನೈದು ವರ್ಷ ಆಯ್ತು, ಪೆಟ್ಟಿಗೇಲಿತ್ತು." ಬೆಲ್ಖೇರ್‌ನ ದನಿಯಲ್ಲಿ ಸಿಟ್ಟಿರಲಿಲ್ಲ. "ದೊಡ್ಡಮನೇದು ಬಂದ್ರೆ ತಗೋಬೇಡ ಅಂದಿದ್ಲು."

"ಪದ್ಧತಿ ಅಲ್ವಾ..."

"ಹೌದು. ಪದ್ಧತಿ."

ಪೊಟ್ಟಣವನ್ನು ಎಲ್ಲಿಡುವುದೆಂದು ತಿಳಿಯದೆ ಶಾದ್ಲಿ ಅದನ್ನು ಮತ್ತೆ ಕಂಕುಳಿಗೆ ಸೇರಿಸಿದ.

"ಮೊನ್ನೆ ಫೋನಲ್ಲಿ ನಿಮ್ಮ ಹೆಸರು ಬಂದಿತ್ತು. ಮಾರನೇ ದಿನ ನೋಡಿದ್ರೆ ಇರಲಿಲ್ಲ."

"ಅಂಥವೆಲ್ಲ ತಪ್ಪು ತೋರಿಸ್ತಾವೆ, ಬೆಲ್ಖೇರ್. ನಂಬಬಾರದು."

"ನಾನೂ ಹಂಗೇ ಅಂದ್ಕೊಂಡೆ. ಅಮ್ಮನ್ನ ಕೇಳ್ದೆ."

"ಏನಂದ್ಲು?"

"ಗೋಡೆ ಕಡೆ ತಿರುಗಿ ಮಲ್ಕೊಂಡ್ಲು."

ಬೆಲ್ಖೇರ್ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಒಂದು ಮಾತು, ಸೀದಿ. ನನ್ನ ಹುಡುಗನಿಗೆ ಬರೋಕೆ ವಿಮಾನ ಸಿಗ್ಲಿಲ್ಲ. ಮಣ್ಣು ಮಾಡಿದ್ಮೇಲೆ ಮನೆಯವರು ಸಾಲಾಗಿ ನಿಲ್ಬೇಕಲ್ಲ, ಜನ ಬಂದು ಕೈಹಿಡಿದು ಸಮಾಧಾನ ಹೇಳೋವಾಗ. ನಾನೊಬ್ನೇ ಆಗ್ತೀನಿ. ಪಕ್ಕದಲ್ಲಿ ನಿಂತ್ಕೊಳ್ತೀರಾ? ಯಾರಿಗೂ ಏನೂ ಹೇಳ್ಬೇಡಿ. ಸುಮ್ನೆ ನಿಂತ್ರೆ ಸಾಕು."

"ನೋಡೋಣ," ಎಂದ ಶಾದ್ಲಿ.

ಮಗಳನ್ನು ಕೇಳಿಕೊಂಡು ಬಂದ ಗಂಡಿನ ಕಡೆಯವರಿಗೆ, ಬೇಡ ಎನ್ನಲಾಗದೆ ಹೇಳುವ ಮಾತು ಅದು. ಹೇಳಿದ ತಕ್ಷಣ ಅವನ ಕಿವಿ ಬಿಸಿಯಾಯಿತು.

ಸ್ಮಶಾನದಲ್ಲಿ ಮೊಣಕಾಲೆತ್ತರದ ಒಂದು ಗೋಡೆ ಇದೆ. ಆಚೆ ಮಖ್ಲೂಫ್‌ಗಳು ಮತ್ತು ಅಂಥವರು, ಈಚೆ ಬೆಲ್ಖೇರ್‌ನ ಕಡೆಯವರು. ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಸೂದಾಳನ್ನು ಈಚೆ ಇಳಿಸಿದರು. ಆಚೆ ಹಾಜ್ ತಯ್ಯೆಬ್‌ನ ಸಮಾಧಿಗೆ ಹೊಸದಾಗಿ ಸುಣ್ಣ ಬಳಿದಿತ್ತು. ಹಬ್ಬಕ್ಕೆ ಮೊದಲು ಬಳಿಸಿದವನು ಶಾದ್ಲಿಯೇ.

ಮಣ್ಣು ಮುಚ್ಚಿದ್ದಾಯಿತು. ಬೆಲ್ಖೇರ್ ಸ್ಮಶಾನದ ಬಾಗಿಲ ಬಳಿ ಹೋಗಿ ನಿಂತ, ಒಬ್ಬನೇ. ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದ. ಶಾದ್ಲಿ ಆಲಿವ್ ಮರದ ನೆರಳಲ್ಲಿದ್ದ, ಪೊಟ್ಟಣ ಇನ್ನೂ ಕಂಕುಳಲ್ಲೇ. ಹತ್ತು ಹೆಜ್ಜೆ ಆಗಬಹುದು. ಈಗ ಹೋಗಬೇಕು, ಎಂದುಕೊಂಡ. ಕಾಲು ಎತ್ತಿದ. ನಿಜವಾಗಿ ಎತ್ತಿದ.

ಅಷ್ಟರಲ್ಲಿ ಹಮ್ಮಾದಿ ಬೆಲ್ಖೇರ್‌ನನ್ನು ದಾಟಿ ನೇರ ಮರದ ಕಡೆಗೇ ಬಂದ. ಎರಡೂ ಕೈಯಲ್ಲಿ ಶಾದ್ಲಿಯ ಕೈ ಹಿಡಿದ. "ದೇವರು ನಿಮಗೆ ಸಮಾಧಾನ ಕೊಡ್ಲಿ, ಉಸ್ತಾದ್. ನಿಮ್ಮನೆ ಹಳೇ ಜೀವ."

ಇಲ್ಲ, ಅಲ್ಲಿಗೆ ಹೋಗಿ, ಮಗ ಅಲ್ಲಿದ್ದಾನೆ. ಇಷ್ಟೇ ಮಾತು. ಬಾಯಿಯವರೆಗೂ ಬಂತು.

"ಆಮೀನ್," ಎಂದ ಶಾದ್ಲಿ.

ಹಮ್ಮಾದಿಯ ಹಿಂದೆ ಹೆಡ್ ಮಾಸ್ಟರು. ಅವರ ಹಿಂದೆ ಮಸೀದಿಯವರು. ಜನಕ್ಕೆ ರೂಢಿ ಬಿದ್ದ ದಾರಿ ಅದು. ಕೆಲಸದವಳು ಸತ್ತರೆ ಒಡೆಯನಿಗೆ ಸಮಾಧಾನ ಹೇಳಬೇಕು. ಜನರ ಸಾಲು ಮರದ ಕಡೆಗೆ ಬಾಗಿತು. ಕೆಲವರು ಹೋಗುವಾಗ ಬೆಲ್ಖೇರ್‌ನ ಬೆನ್ನು ತಟ್ಟಿದರು, ಮಕ್ಕಳಿಗೆ ತಟ್ಟಿದ ಹಾಗೆ. ಶಾದ್ಲಿ ಪೊಟ್ಟಣವನ್ನು ಎಡ ಕಂಕುಳಿಗೆ ಬದಲಿಸಿ ಬಲಗೈ ಚಾಚುತ್ತಲೇ ಇದ್ದ. ಆಮೀನ್. ಆಮೀನ್. ಎದೆಯೊಳಗೆ ಹೇಸಿಗೆ ತುಂಬಿಕೊಂಡಿತ್ತು. ಆದರೂ ಒಂದು ಕಡೆ, ಎಷ್ಟು ಜನ ಬಂದಿದ್ದಾರೆ ಎಂದು ಅವನ ಕಣ್ಣು ಲೆಕ್ಕ ಹಾಕುತ್ತಿತ್ತು.

ಕೊನೆಗೆ ಬೆಲ್ಖೇರ್ ಬಂದ. ತನ್ನ ಜಾಗ ಬಿಟ್ಟು, ಸಾಲಿನ ತುದಿಯಲ್ಲಿ ನಿಂತು, ಎಲ್ಲರಂತೆ ಸರದಿ ಕಾದು ಬಂದ. ಕೈ ಚಾಚಿದ. ಅವನ ಕಿರುಬೆರಳು ಒಳಕ್ಕೆ ಬಾಗಿತ್ತು. ಹಾಜ್ ತಯ್ಯೆಬ್‌ನ ಬೆರಳು, ಶಾದ್ಲಿಯ ಬೆರಳು. ಐವತ್ತನಾಲ್ಕು ವರ್ಷ ಈ ಕೈಯನ್ನು ಡೋಲಿನ ಮೇಲೆ ನೋಡಿದ್ದ, ಆದರೂ ಬೆರಳನ್ನು ನೋಡಿಯೇ ಇರಲಿಲ್ಲ.

"ದೇವರು ನಿಮಗೆ ಸಮಾಧಾನ ಕೊಡ್ಲಿ, ಸೀದಿ," ಎಂದ ಬೆಲ್ಖೇರ್. "ನಿಮ್ಮನೆ ಮಸೂದಾ ಹೋದ್ಲು."

ಕೈ ಬಿಡಿಸಿಕೊಂಡು ಬಾಗಿಲು ದಾಟಿ ಹೋದ. ತಿರುಗಿ ನೋಡಲಿಲ್ಲ.

ಗುಂಡಿ ತೋಡುವ ಮುದುಕ ಸಲಿಕೆ ಒರೆಸುತ್ತ ಹತ್ತಿರ ಬಂದ. ಇನ್ಯಾರೂ ಉಳಿದಿರಲಿಲ್ಲ.

"ಆಕೆಗೆ ಬಟ್ಟೆ ಸುತ್ತಿದ್ರಲ್ಲ, ಉಸ್ತಾದ್. ಇದ್ಯಾರಿಗೆ?"

ಶಾದ್ಲಿ ಕಂಕುಳನ್ನು ನೋಡಿಕೊಂಡ. ಬೆವರಿಗೆ ಕಾಗದ ಹರಿದು ಬಿಳಿ ಬಟ್ಟೆ ಕಾಣುತ್ತಿತ್ತು.

"ನಂಗೆ," ಎಂದ.

ಮುದುಕ ಅವನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ, ಗೋಡೆಯ ಆಚೆ ಒಮ್ಮೆ, ಈಚೆ ಒಮ್ಮೆ ನೋಡಿ, "ಯಾವ ಕಡೆ ತೋಡ್ಲಿ?" ಎಂದು ಕೇಳಿದ.