ಬಾಗುಮರದ ಕೆಳಗೆ ಮಂಚ

ದೊಪ್ — ಅದು ಹಿತ್ತಲ ಕಡೆ ತೆಂಗಿನಕಾಯಿ ಬಿದ್ದಿದ್ದು, ಬಾಗುಮರದ್ದಲ್ಲ, ಬಾಗುಮರದ ಕಾಯಿ ಬಿದ್ರೆ ಸದ್ದೇ ಬೇರೆ, ಬೇಲಿಯಾಚೆ ಮರುಳಪ್ಪನ ಅಂಗಳದ ಗಟ್ಟಿ ನೆಲ, ಸಿಡಿದಂಗೆ ಕೇಳ್ಬೇಕು, ಸದಾಶಿವಯ್ಯ ಜಗಲಿ ಮೇಲೆ ಕಾಲು ನೀಡ್ಕೊಂಡು ನಿರಾಳವಾಗಿ ಎಲೆಗೆ ಸುಣ್ಣ ಸವರಿದ, ಒಳಗೆ ಟೀವಿ ಬೊಬ್ಬೆ ಹೊಡೀತಿತ್ತು, ಆ ದೇಶ ಸಮುದ್ರದ ಮೇಲೆ ಕ್ಷಿಪಣಿ ಹಾರ್ಸೈತಂತೆ, ಪಕ್ಕದ್ದು ನಾಳೆ ಇನ್ನೂ ಉದ್ದದ್ದು ಹಾರುಸ್ತೈತಂತೆ, ಆ ದಿಕ್ಕಿಗೆ ಯಾರೂ ಹಡಗು ತರಬ್ಯಾಡಿ ಅಂತ ಮೊದಲೇ ನೋಟೀಸು ಬೇರೆ — ಅಯ್ಯೋ ಇವ್ರ, ಇದನ್ನ ತಾನು ಯುಗಾದಿ ಮಾರನೇ ದಿನವೇ ಮಾಡಿದ್ನಲ್ಲ, ಲೇ ಮರುಳ, ಈ ಸಲ ಆ ಮರದ ಕಾಯಿ ಕೀಳ್ಸಲ್ಲ ಕಣ್ಲಾ, ನಿನ್ನ ಅಂಗಳದಾಗೆ ಯಾರೂ ಕೂರಬ್ಯಾಡಿ, ಬೇಲೀನ ಎರಡಡಿ ಹಿಂದಕ್ಕೆ ಹಾಕು, ಆಮ್ಯಾಕೆ ಮಾತು. ಮರುಳಪ್ಪ ಅಂದ್ರೆ ಚಿಕ್ಕಪ್ಪನ ಮಗ, ತಾತ ಭಾಗ ಮಾಡ್ದಾಗ ಗಡಿಗೆ ಅಂತ ನೆಟ್ಟ ಸಸಿ ನೆಟ್ಟಗೆ ಬೆಳೀಲಿಲ್ಲ, ಬುಡ ಈ ದೇಶದಾಗೆ, ತಲೆ ಆ ದೇಶದಾಗೆ, ಕಾಯಿ ಕೆಡವೋ ಶ್ರೀರಂಗಯ್ಯ ಕೆಳಗೆ ನಿಂತು ತಲೆ ಕೆರ್ಕೊಂಡ, ಇಡೀ ತೋಟ ಕೆಡವಿ ಇದೊಂದು ಬುಟ್ರೆ ಹೆಂಗೆ ಯಜಮಾನ್ರೇ, ಅಗೋ ಆ ಒಂಟಿ ಕಾಯಿ ನೋಡಿ, ತೊಟ್ಟು ಒಣಗಿ ನಾರಾಗೈತೆ — ಬುಡಪ್ಪ, ಅದು ಕಾಯಲ್ಲ, ಮಾತುಕತೆ. ಅವರದು ಕ್ಷಿಪಣಿ, ತನ್ನದು ಚಿಪ್ಪಣಿ, ಖರ್ಚಿಲ್ಲ, ಹೊಗೆಯಿಲ್ಲ.

ಮರುಳಪ್ಪನೂ ಕಮ್ಮಿಯೇನಲ್ಲ, ಅದೇ ತಾತನ ರಕ್ತ, ಹಗ್ಗದ ಮಂಚ ತಂದು ಸರಿಯಾಗಿ ಆ ಗೊನೆ ಕೆಳಗೇ ಹಾಕಿ, ಬನೀನು ಮೇಲೆತ್ತಿ ಹೊಟ್ಟೆ ಬಿಟ್ಕೊಂಡು ಮಲಗ್ದ, ಬೀಳ್ಸು ನೋಡಾನ ಕಣ್ಲಾ ಸದಾಶಿವ, ಹದಿನೇಳು ದಿನ ಆಯ್ತು, ಹೊಟ್ಟೆ ಅಲ್ಲೇ, ಗೊನೆ ಅಲ್ಲೇ, ಒಂಟಿ ಕಾಯಿ ಅತ್ತ ಇತ್ತ — ಬೀಳಾಕಿಲ್ಲ, ಬೀಳೋ ಭಯ ಬೀಳ್ಬೇಕು ಅಷ್ಟೇ, ಅಟ್ಟದ ಮೇಲೆ ಕಾಯಿ ಪೇರಿಸಿ ಅದು ಕೊಬ್ಬರಿಯಾಗಿ ಗಡಗಡ ಅನ್ನೋವರೆಗೂ ವರ್ಷ ಕಾಯೋ ಜನಕ್ಕೆ ಕಾಯೋದು ಹೇಳ್ಕೊಡಬೇಕಾ. ಇವತ್ತು ಬೆಳಗ್ಗೆ ಮರುಳಪ್ಪ ಹುಳಿಯಾರು ಬಸ್ಸು ಹತ್ತಿದ, ಸಂತೆಯಂತೆ, ಆಹಾ, ಹಿಂದೆ ಸರಿಯೋರೆಲ್ಲ ಒಂದು ನೆಪ ಹಿಡ್ಕೊಂಡೇ ಸರೀತಾರೆ, ಗೆದ್ದಂಗೇ, ಲೇ ಶಿವರುದ್ರೀ, ಗೆದ್ದೆ ಕಣೇ — ಒಳಗಿಂದ ಟೀವಿ ಮಾತ್ರ ಓಗೊಡ್ತು. ಎಲ್ಲೋದ್ಲು ಇವ್ಳು, ಹ್ಞಾಂ, ಆಗಲೇ ಬಾಗ್ಲಲ್ಲಿ ನಿಂತು ಏನೋ ಅಂದ್ಲಲ್ಲ, ನಿಮ್ಮ ಯುದ್ಧ ನಿಮ್ಗಿರ್ಲಿ ಕಣ್ರೀ, ಮರುಳಪ್ಪನ ಹೆಂಡ್ತಿ ಸಿದ್ದಮ್ಮಂಗೂ ನಂಗೂ ಯಾವ ಗಡೀನೂ ಇಲ್ಲ, ಹುಣಸೆಹಣ್ಣು ಕುಟ್ಟಾಕೆ ಕರ್ದವ್ಳೆ — ಎಲ್ಲಿ ಕೂತು ಕುಟ್ತಾರೆ, ಅಂಗಳದಾಗೆ, ಇವಳಿಗೆ ಮಂಡಿ ನೋವು, ನೆಲದ ಮೇಲೆ ಕೂರಾಕಾಗಲ್ಲ, ಕೂರಾಕೆ ಅಲ್ಲಿರೋದು —

ಬೇಲಿ ಹತ್ರ ಬಂದಾಗ ಶಿವರುದ್ರಮ್ಮನ ಬೆನ್ನು ಕಂಡಿತು, ಮಂಚದ ಮೇಲೆ, ನೆಲದಾಗೆ ಸಿದ್ದಮ್ಮ ಕುಟ್ ಕುಟ್, ಇಬ್ಬರ ನಗು, ಮಳೆಗಾಳಿ ಎದ್ದೈತೆ, ಗರಿ ಜಾಲಾಡ್ತೈತೆ, ಏಳೇ ಅಂದ್ರೆ ಕಾಯಿ ಬೀಳ್ತದೆ ಅಂತ ತಾನೇ ಒಪ್ಕೊಂಡಂಗೆ, ಮರುಳನ ಮಂಚದಿಂದ ತನ್ನ ಹೆಂಡ್ತೀನ ತಾನೇ ಎಬ್ಬಿಸ್ದಂಗೆ, ಹಾಲ್ಕುರಿಕೆ ಊರಿಗೂರೇ ನಗ್ತದೆ, ನಗ್ಲಿ, ಹದಿನೇಳು ದಿನ ಬೀಳದ್ದು ಈಗ ಬೀಳ್ತದಾ, ಬೀಳಾಕಿಲ್ಲ, ನಗ್ಲಿ, ಏಳೇ — ಬಾಯಿ ತುಂಬ ಎಲೆಯಡಿಕೆ, ಸದ್ದು ಹೊರಡ್ಲಿಲ್ಲ, ಕುಟ್ ಕುಟ್, ಉಗಿಯಾಕೆ ಬಗ್ಗಿದ್ರೆ ಕಣ್ಣು ಕೀಳ್ಬೇಕು, ಕೀಳಾಕಾಗ್ತಿಲ್ಲ, ಆ ಒಂಟಿ ಕಾಯಿ ಅತ್ತ ಹೋಯ್ತು, ಇತ್ತ ಬಂತು, ಅತ್ತ ಹೋಯ್ತು —